ಬಕ್ಸ್‌ಟನ್ ಗುಡ್ಡದ ಹಿಮದ ಬಸವಣ್ಣ

ಸ್ಟಾಕ್‌ಪೋರ್ಟಿನ ಮನೆಯಿಂದ ಬೆಳಿಗ್ಗೆ ಎಂಟೂ ಕಾಲಿಗೆ ಹೊರಡಬೇಕೆಂದು ಭಾಗ್ಯಶ್ರೀ ನಿಶ್ಚಯಿಸಿದ್ದಳು. ಹೊರಟಾಗ ಎಂಟೂ ಇಪ್ಪತ್ತೆರಡು. ಆ ಏಳು ನಿಮಿಷಗಳನ್ನು ತೆಗೆದುಕೊಂಡವರು ಊರಿಂದ ಬಂದಿದ್ದ ಅವಳ ಅತ್ತೆ ಗಂಗವ್ವ. ಕಟಕ್ ರೊಟ್ಟಿ ಮುರಿಯದಂತೆ ಡಬ್ಬಿಯ ತಳಕ್ಕೆ ಹಳೆಯ ಟವೆಲ್ ಹಾಸಿ, ಮೇಲೆ ಶೇಂಗಾ ಚಟ್ನಿಯ ಬಾಟಲಿ ಇಟ್ಟು, ಮತ್ತೆ ತೆಗೆದು ಪಕ್ಕಕ್ಕೆ ಇಟ್ಟು, ಕೊನೆಗೆ ಡಬ್ಬಿಯನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದರು.

"ಅವ್ವಾ, ಹಿಂದ ಡಿಕ್ಕಿನ್ಯಾಗ ಇಡಬಾರದೇನು?" ಎಂದ ಮಗ ಶ್ರೀಶೈಲ, ಗಾಡಿ ತಿರುಗಿಸುತ್ತ.

"ನೀ ಓಡಸೂದು ನೋಡಿದರ ಅದು ಅಲ್ಲಿ ಹಿಟ್ಟಾಗತೈತಿ. ಸುಮ್ನ ನಡಿ."

ಹಿಂದಿನ ಸೀಟಿನಲ್ಲಿ ಹನ್ನೆರಡರ ದರ್ಶನ್, ಎಂಟರ ಶರ್ವಾಣಿ ಇಬ್ಬರೂ ನಕ್ಕರು. ಮಕ್ಕಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಬಾಯಿಂದ ಬರುವುದು ಮಾತ್ರ ಇಂಗ್ಲಿಷ್.

ಶಾಲೆಗೆ ಫೆಬ್ರುವರಿಯ ಹಾಫ್ ಟರ್ಮ್ ರಜೆ. ಎರಡು ದಿನ ಬಿಡದೆ ಹಿಮ ಸುರಿದು ಮೂರನೆಯ ದಿನ ಬಿಸಿಲು ಬಿದ್ದಿತ್ತು. ಬಕ್ಸ್‌ಟನ್ ದಾಟಿ ಆರು ಮೈಲಿ ಮೇಲೆ, ಕೀತ್ ಎಂಬ ಕುರಿಸಾಕಣೆಯವನ ಹೊಲವಿತ್ತು. ಹಿಮದಲ್ಲಿ ಕುರಿಗಳಿಗೆ ಹುಲ್ಲು ಸಾಗಿಸಲು ಅವನು ಎರಡು ಸ್ನೋಮೊಬೈಲ್ ಇಟ್ಟುಕೊಂಡಿದ್ದ. ಹಿಮ ಚೆನ್ನಾಗಿ ಕೂತ ವರ್ಷ, ರಜೆಯ ದಿನಗಳಲ್ಲಿ ಅವುಗಳ ಮೇಲೆ ಜನರನ್ನು ಸುತ್ತಾಡಿಸುತ್ತಿದ್ದ. ಬೆಳಗಿನ ತಂಡ ಹತ್ತಕ್ಕೆ, ಮಧ್ಯಾಹ್ನದ ತಂಡ ಎರಡಕ್ಕೆ. ಭಾಗ್ಯಶ್ರೀ ಹತ್ತರದ್ದನ್ನೇ ಬುಕ್ ಮಾಡಿದ್ದಳು. ಆಸ್ಪತ್ರೆಯ ರಕ್ತಪರೀಕ್ಷಾ ಲ್ಯಾಬಿನಲ್ಲಿ ಅವಳ ಕೆಲಸ. ಪ್ರತಿ ನಳಿಕೆಯ ಮೇಲಿನ ಹೆಸರನ್ನು ಎರಡು ಸಲ ಓದುವುದು, ಓದಿದ್ದಕ್ಕೆ ಗುರುತು ಹಾಕುವುದು ಅವಳ ದಿನಚರಿ. ರಜೆಯ ದಿನವೂ ಆ ಅಭ್ಯಾಸ ಅವಳನ್ನು ಬಿಡುತ್ತಿರಲಿಲ್ಲ.

ಕಾರಿನಿಂದ ಇಳಿದ ಗಂಗವ್ವ ಮೊದಲು ಮಾಡಿದ್ದು ಬಗ್ಗಿ ಒಂದು ಚಿಟಿಕೆ ಹಿಮ ಎತ್ತಿಕೊಂಡದ್ದು. ಗಿರಣಿಯಲ್ಲಿ ಜೋಳದ ಹಿಟ್ಟನ್ನು ನೋಡುವಂತೆ ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ತಿಕ್ಕಿ ನೋಡಿದರು. ನರಗುಂದದ ಕಡೆಯ ಎಪ್ಪತ್ತೊಂದರ ಆ ಹೆಂಗಸು ಹಿಮ ಮುಟ್ಟಿದ್ದು ಅದೇ ಮೊದಲು.

"ಭಾಳ ಸಣ್ಣಗ ಬೀಸ್ಯಾನ," ಎಂದರು, ಮೆಚ್ಚಿ.

ಕಣ್ಣು ಹಾಯ್ದಷ್ಟು ದೂರ ಗುಡ್ಡಗಳು ಬೆಳ್ಳಗೆ ಮಲಗಿದ್ದವು. ಕಲ್ಲುಗೋಡೆಗಳ ಕಪ್ಪು ಗೆರೆಗಳು ಮಾತ್ರ, ಯಾರೋ ಸ್ಕೇಲ್ ಇಟ್ಟು ಎಳೆದಂತೆ, ಮೇಲಿನವರೆಗೆ ಹೋಗಿದ್ದವು. ಸ್ನೋಮೊಬೈಲಿಗೆ ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರ್ ಪಟ್ಟೆ, ಮೇಲೆ ಮೋಟಾರ್ ಸೈಕಲ್ಲಿನಂಥದೇ ಸೀಟು. ಕೀತ್ ಎಲ್ಲರಿಗೂ ಹೆಲ್ಮೆಟ್ಟು, ಅಡಿಯಿಂದ ಮುಡಿಯವರೆಗಿನ ದಪ್ಪ ಸೂಟು ಕೊಟ್ಟು ನಿಯಮ ಹೇಳಿದ. ಎರಡೂ ಕೈಗಳಿಂದ ಸೀಟಿನ ಹಿಡಿಕೆ ಹಿಡಿದಿರಬೇಕು. ಕೊರಳಲ್ಲಿ ನೇತಾಡುವುದು ಏನಿದ್ದರೂ ಸೂಟಿನೊಳಗೆ ಸೇರಿಸಬೇಕು. ಊಟದ ನಂತರ, ಎರಡಕ್ಕೆ ಹತ್ತು ನಿಮಿಷ ಇರುವಾಗ, ತಾನು ಭಾರದ ಉರುಳೆ ಎಳೆದು ಹೊಲವನ್ನೆಲ್ಲ ಮತ್ತೆ ಸಮ ಮಾಡುವುದಿದೆ. ಆಗ ಯಾರೂ ಒಳಗಿರಬಾರದು.

ಗಂಗವ್ವನವರ ಕೊರಳಲ್ಲಿ ಶಿವದಾರವಿತ್ತು. ಅದರ ತುದಿಗೆ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ, ಪಾರಿವಾಳದ ಮೊಟ್ಟೆಯಷ್ಟು ಗಾತ್ರದ್ದು. ಹನ್ನೊಂದನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಅದು ಅವರ ಮೈಮೇಲಿನಿಂದ ಇಳಿದಿರಲಿಲ್ಲ. ಅದಕ್ಕೆ ತೋರಿಸದೆ ಅವರು ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. ಸೂಟಿನೊಳಗೆ ಸೇರಿಸಿದರೆ ಸಾಕಿತ್ತು. ಕೀತ್ ಕೇಳಿದ್ದೂ ಅಷ್ಟೇ. ಆದರೆ ಭಾಗ್ಯಶ್ರೀಗೆ ಅಷ್ಟು ಸಾಲಲಿಲ್ಲ. ಗಾಡಿ ಥಟ್ಟನೆ ನಿಂತರೆ ಆ ಗಟ್ಟಿ ಕರಡಿಗೆ ಎದೆಗೆ ಒತ್ತಿ ಪೆಟ್ಟಾದೀತು. ಸೂಟಿನ ಎದೆಯ ಮೇಲೇ ಜಿಪ್ ಇರುವ ಮೆತ್ತನೆಯ ಜೇಬೊಂದಿತ್ತು.

"ಅತ್ತೀ, ದಾರ ಸುತ್ತಿ ಇದರಾಗ ಇಡ್ರಿ. ಜಿಪ್ ಐತಿ."

"ಮೈಮ್ಯಾಲಿಂದ ತೆಗೀಬಾರದು ತಂಗಿ."

"ಜೇಬು ಎದೀಮ್ಯಾಲೇ ಐತಲ್ರಿ. ಮೈಬಿಟ್ಟು ಎಲ್ಲಿ ಹೋತು?"

ಗಂಗವ್ವ ದಾರವನ್ನು ಕೊರಳಿಂದ ತೆಗೆದು ಸುತ್ತಿ, ಕಣ್ಣುಮುಚ್ಚಿ ಕರಡಿಗೆಯನ್ನು ಹಣೆಗೊತ್ತಿಕೊಂಡು ಜೇಬಿನಲ್ಲಿಟ್ಟರು. ಜೊತೆಗೆ ಸೀರೆಯ ಗಂಟಿನಲ್ಲಿದ್ದ ವಿಭೂತಿ ಗಟ್ಟಿಯನ್ನೂ ಅದರಲ್ಲೇ ಇಟ್ಟರು. ಭಾಗ್ಯಶ್ರೀ ಜಿಪ್ ಎಳೆದು, ಎರಡು ಸಲ ಎಳೆದು ನೋಡಿದಳು.

"ಅಜ್ಜಿ, ಯೂ ಲುಕ್ ಲೈಕ್ ಆನ್ ಆಸ್ಟ್ರೊನಾಟ್!" ಎಂದ ದರ್ಶನ್, ಫೋನ್ ಎತ್ತಿ.

"ಅಂದರ ಏನೋ?"

"ಚಂದ್ರಲೋಕಕ್ಕ ಹೊಂಟಾಕಿ ಅಂತವಾ," ಎಂದ ಶ್ರೀಶೈಲ.

"ಹೊಂಟೇನಿ ಮತ್ತ. ನೀ ಹಿಂದ ಉಳಿ."

ಮತ್ತು ಅವರು ಹೊರಟೇಬಿಟ್ಟರು. ಕೀತ್‌ನ ಹಿಂದೆ ಬೆನ್ನು ನೆಟ್ಟಗಿಟ್ಟು ಕೂತಿದ್ದರು. ಗಾಡಿ ಏರು ಹತ್ತಿ, ತಿರುವಿನಲ್ಲಿ ಒಂದು ಕಡೆ ವಾಲಿ, ಹಿಂದೆ ಹಿಮದ ಪುಡಿಯನ್ನು ಬೀಸಣಿಗೆಯಂತೆ ಹರಡುತ್ತ ಗೋಡೆಯಾಚೆ ಮರೆಯಾಯಿತು. ನಾಲ್ಕು ನಿಮಿಷಕ್ಕೆ ಗಾಡಿ ಮರಳಿದಾಗ ಗಂಗವ್ವ ಅದೇ ಭಂಗಿಯಲ್ಲಿದ್ದರು. ಹೆಲ್ಮೆಟ್ಟಿನ ಗಾಜಿನೊಳಗೆ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. "ಚಕ್ಕಡಿಗಿಂತ ಸಸಾರ," ಎಂದು ಇಳಿದರು.

ನಂತರ ಮಕ್ಕಳು ಹಿಮದ ಮನುಷ್ಯನನ್ನು ಮಾಡಲು ಕೂತರು. ಗಂಗವ್ವ ಕೈ ಹಿಂದೆ ಕಟ್ಟಿ ಅದನ್ನು ಸುತ್ತಿ ನೋಡಿದರು.

"ಇದೇನು, ಕುಂಬಳಕಾಯಿ ಮ್ಯಾಲ ಕುಂಬಳಕಾಯಿ ಇಟ್ಟಿರಿ. ಮನಷ್ಯಾನ ಇದು? ಸರೀರಿ ಅತ್ತಾಗ."

ಅವರ ಊರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಹಸಿಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಅರವತ್ತು ವರ್ಷ ಎತ್ತು ಮಾಡಿದ ಕೈಗಳು ಈಗ ಗ್ಲೌಸಿನೊಳಗಿಂದಲೇ ಹಿಮವನ್ನು ಹದಕ್ಕೆ ತಂದವು. ಮೊದಲು ಬೆನ್ನಿನ ಉದ್ದ. ಆಮೇಲೆ ಮಡಚಿ ಕೂತ ಕಾಲುಗಳು. ಹೆಬ್ಬೆರಳಿನ ಒಂದೇ ಒತ್ತಿಗೆ ಕಣ್ಣಗುಳಿ. ಅಂಗೈಯ ಬದಿಯಿಂದ ನಾಲ್ಕು ಸಲ ಸವರಿದರೆ ಗಂಗೆದೊಗಲಿನ ಮಡಿಕೆ. ಒಂದು ಕಡೆಯೂ ಅವರು ಮಾಡಿದ್ದನ್ನು ಅಳಿಸಲಿಲ್ಲ. ಕಡೆಗೆ ಕುತ್ತಿಗೆಯ ಹಿಂದೆ ಎತ್ತರದ ಡುಬ್ಬ ಮೆತ್ತಿ, ಒಣಕಡ್ಡಿಯ ಕೊಂಬು ಸಿಕ್ಕಿಸಿದರು. ಮೊಳಕಾಲೆತ್ತರದ ಬಸವಣ್ಣ ಎದ್ದು ಬರುವಂತೆ ಕೂತಿದ್ದ. ಬೇರೆ ಕುಟುಂಬದವರೂ ಬಂದು ನೆರೆದರು. ಕೀತ್ ಬಗ್ಗಿ ನೋಡಿ, ಭುಜದ ಮೂಳೆ ಎಲ್ಲಿರಬೇಕೋ ಅಲ್ಲೇ ಇದೆ, ಇವರು ದನ ಸಾಕಿದವರೇ ಇರಬೇಕು ಎಂದ. ಭಾಗ್ಯಶ್ರೀ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಗಂಗವ್ವ ನಾಚಿದರು.

"ಬರೀ ಹಣೀಲೆ ಕುಂಡ್ರಸಬಾರದು," ಎಂದು ಬಸವಣ್ಣನ ಮೇಲೆ ಬಾಗಿ, ಜೇಬಿನಿಂದ ವಿಭೂತಿ ತೆಗೆದು ಅವನ ಹಣೆಗೆ ಮೂರು ಗೆರೆ ಎಳೆದರು. ಬೆಳ್ಳನೆಯ ಹಣೆಯ ಮೇಲೆ ಬೆಳ್ಳನೆಯ ಗೆರೆ. ಅದು ಯಾರಿಗೂ ಕಾಣಿಸುವುದಿಲ್ಲವೆಂದು ಶ್ರೀಶೈಲ ನಕ್ಕ. "ಅವಂಗ ಕಾಣತೈತಿ ಬಿಡು," ಎಂದರು ತಾಯಿ.

ಊಟಕ್ಕೆ ಕೂತಾಗ ಹನ್ನೆರಡೂ ಮುಕ್ಕಾಲು. ಕೊಟ್ಟಿಗೆಯ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದರು. ರೊಟ್ಟಿಯ ಚೂರನ್ನು ಎಡಗೈಯಲ್ಲಿ ಹಿಡಿದ ಗಂಗವ್ವ ಬಲಗೈಯನ್ನು ಎದೆಯ ಜೇಬಿಗೆ ಹಾಕಿದರು. ಕೈ ಅಲ್ಲೇ ನಿಂತಿತು. ರೊಟ್ಟಿಯನ್ನು ಮೆಲ್ಲಗೆ ಡಬ್ಬಿಯಲ್ಲಿಟ್ಟರು.

"ನೀವು ಊಟಾ ಮಾಡ್ರಿ," ಎಂದರು.

"ಯಾಕ್ರೀ ಅತ್ತೀ?"

"ಏನಿಲ್ಲವಾ. ಲಿಂಗ ಇಲ್ಲ."

ಅವರು ಕೂಗಲಿಲ್ಲ, ಯಾರನ್ನೂ ದೂರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಭಾಗ್ಯಶ್ರೀ ತನ್ನ ರೊಟ್ಟಿಯನ್ನೂ ಕೆಳಗಿಟ್ಟಳು. ತೆಗೆಯಬಾರದೆಂದು ಅವರು ಹೇಳಿದ್ದರು. ತೆಗೆಸಿದವಳು ತಾನು. ಅದು ಸಿಗುವವರೆಗೆ ಈ ಹೆಂಗಸು ನೀರನ್ನೂ ಮುಟ್ಟುವುದಿಲ್ಲ. ಸಿಗದಿದ್ದರೆ ಅರವತ್ತು ವರ್ಷದ ನೇಮ ತನ್ನ ಒಂದು ಜಾಣತನದಿಂದ ಕಡಿದಂತೆ. ಉರುಳೆ ಉರುಳಲು ಒಂದು ಗಂಟೆ ಐದು ನಿಮಿಷ ಉಳಿದಿತ್ತು. ಅದು ಹಾದುಹೋದರೆ ಬೆಳ್ಳಿಯ ಮೊಟ್ಟೆ ಗಟ್ಟಿ ಹಿಮದ ಕೆಳಗೆ ಎಲ್ಲೋ ಹೂತುಹೋಗುತ್ತದೆ.

ಶ್ರೀಶೈಲ ಆಗಲೇ ಸ್ನೋಮೊಬೈಲಿನ ಜಾಡು ಹಿಡಿದು ಏರಿನತ್ತ ಓಡಿದ್ದ. "ರೀ, ನಿಂದರ್ರಿ!" ಎಂದು ಭಾಗ್ಯಶ್ರೀ ಕೂಗಿದಳು. "ಮುಕ್ಕಾಲು ಮೈಲಿ ಐತಿ ಅದು. ಮೊದಲ ಫೋನ್ ಕೊಡ್ರಿ. ದರ್ಶನ್, ನಿಂದೂ."

ಎರಡು ಫೋನುಗಳಲ್ಲಿ ಬೆಳಗಿನಿಂದ ಎಪ್ಪತ್ತಾರು ಚಿತ್ರಗಳಿದ್ದವು. ಅವಳು ಸಮಯದ ಕ್ರಮದಲ್ಲಿ ಒಂದೊಂದನ್ನೇ ದೊಡ್ಡದು ಮಾಡಿ ಅತ್ತೆಯ ಎದೆಯ ಜೇಬನ್ನು ನೋಡಿದಳು. ಗಾಡಿ ಹತ್ತುವಾಗ ಜಿಪ್ ಮುಚ್ಚಿದೆ, ಜೇಬು ಉಬ್ಬಿದೆ. ಇಳಿದಾಗಲೂ ಹಾಗೆಯೇ. ಹನ್ನೊಂದೂ ಐವತ್ತೆಂಟಕ್ಕೆ, ಕೊಂಬು ಸಿಕ್ಕಿಸುವಾಗ, ಹಾಗೆಯೇ. ಹನ್ನೆರಡೂ ಆರಕ್ಕೆ, ಬಸವಣ್ಣನ ಪಕ್ಕ ಎಲ್ಲರೂ ನಿಂತ ಚಿತ್ರದಲ್ಲಿ, ಜಿಪ್ ತೆರೆದಿದೆ, ಜೇಬು ಚಪ್ಪಟೆ.

"ವಿಭೂತಿ," ಎಂದಳು. "ವಿಭೂತಿ ತೆಗೀವಾಗ ಬಿದ್ದೈತಿ. ಜಾಡಿನ್ಯಾಗ ಇಲ್ಲ, ಬಸವಣ್ಣನ ಹತ್ತರನ ಐತಿ."

ಎಲ್ಲರೂ ಬಸವಣ್ಣನ ಸುತ್ತ ಕೂತು ಹುಡುಕಿದರು. ಜನ ನೆರೆದಿದ್ದ ಜಾಗ; ನೂರಾರು ಹೆಜ್ಜೆಗಳು ಹಿಮವನ್ನು ಕಲಸಿದ್ದವು. ಇಪ್ಪತ್ತು ನಿಮಿಷ ಬೆರಳುಗಳಿಂದ ಜರಡಿ ಹಿಡಿದರೂ ಏನೂ ಸಿಗಲಿಲ್ಲ. ವಿಷಯ ಕೇಳಿದ ಕೀತ್ ಪಕ್ಕದಲ್ಲಿ ಮಂಡಿಯೂರಿದ. ಹಿಮದಲ್ಲಿ ಹೂತ ಕುರಿಯನ್ನು ತಾನು ಹುಡುಕುವಾಗ ಕುರಿಯನ್ನು ನೋಡುವುದಿಲ್ಲ ಎಂದ. ಅದರ ಉಸಿರಿನ ಬಿಸಿಗೆ ಮೇಲೊಂದು ಸಣ್ಣ ತೂತು ಕರಗಿರುತ್ತದೆ. ತಾನು ನೋಡುವುದು ಆ ತೂತನ್ನು.

ಭಾಗ್ಯಶ್ರೀಯ ಕೈ ನಿಂತಿತು. ಕರಡಿಗೆಯೂ ಬಿಸಿಯಾಗಿತ್ತು, ಎರಡು ಗಂಟೆ ಎದೆಯ ಮೇಲಿದ್ದದ್ದು. ಮೆತ್ತನೆಯ ಹಿಮದ ಮೇಲೆ ಬಿದ್ದರೆ ತನ್ನ ಭಾರಕ್ಕೆ, ತನ್ನ ಬಿಸಿಗೆ ಕೆಳಗಿಳಿದು ಮೇಲೆ ಒಂದು ರಂಧ್ರ ಬಿಟ್ಟಿರಲೇಬೇಕು.

"ಒಂದು ಸಣ್ಣ ತೂತು," ಎಂದು ಎಲ್ಲರತ್ತ ತಿರುಗಿದಳು. "ಮೊಟ್ಟೆಯಷ್ಟು ತೂತು. ಯಾರರೆ ನೋಡೀರೇನು?"

ಶರ್ವಾಣಿ ಬಸವಣ್ಣನ ಕೊಂಬನ್ನು ಹಿಡಿದು ಕೂತಿದ್ದಳು.

"ಪುಟ್ಟಿ?"

"ಐ ಫಿಲ್ಡ್ ಇಟ್," ಎಂದಳು ಶರ್ವಾಣಿ, ಕೇಳಿಸದಷ್ಟು ಮೆಲ್ಲಗೆ. "ದೇರ್ ವಾಸ್ ಎ ಹೋಲ್ ಇನ್ ದಿ ಡುಬ್ಬ. ಐ ಥಾಟ್ ಇಟ್ ವಾಸ್ ಬ್ರೋಕನ್. ಈಗ ನೀವು ಬಸವಣ್ಣನ್ನ ಒಡೀತೀರಿ." ಅಳು ಒತ್ತಿ ಬಂದಾಗ ಆ ಕೊನೆಯ ಮಾತು ಕನ್ನಡದಲ್ಲೇ ಹೊರಬಂದಿತ್ತು.

ಶ್ರೀಶೈಲ ಮುಂದೆ ಬಂದ. ಗಂಗವ್ವ ಅವನನ್ನು ತಡೆದು, ಮೊಮ್ಮಗಳ ಪಕ್ಕ ನಿಧಾನವಾಗಿ ಮಂಡಿಯೂರಿದರು.

"ಯಾರು ಒಡೀತಾರ? ನಾ ಇಲ್ಲೇನು? ಅಂವ ಕದ್ದಿಲ್ಲ, ಜ್ವಾಕಿ ಮಾಡ್ಯಾನ. ಎಷ್ಟು ಹಿಮಾ ತುಂಬಿದ್ದಿ, ಅಷ್ಟ ತೆಗಿ. ನೀನ ತೆಗಿ."

ಶರ್ವಾಣಿ ಗ್ಲೌಸ್ ಕಳಚಿ ತೋರುಬೆರಳಿನಿಂದ ಡುಬ್ಬವನ್ನು ಮೆಲ್ಲಗೆ ಕೆರೆದಳು. ಎರಡು ಅಂಗುಲ ಇಳಿದಾಗ ಬೆರಳು ನಿಂತಿತು. ಗಂಗವ್ವ ಬರಿಗೈ ಚಾಚಿದರು. ಶರ್ವಾಣಿ ದಾರ ಸುತ್ತಿದ ಕರಡಿಗೆಯನ್ನು ಎರಡೂ ಕೈಯಿಂದ ಅದರ ಮೇಲಿಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ತೆಗೆಯಲಿಲ್ಲ.

ಭಾಗ್ಯಶ್ರೀ ಫ್ಲಾಸ್ಕಿನ ಬೆಚ್ಚನೆಯ ನೀರನ್ನು ಅವರ ಕೈಗೆ ಸುರಿದಳು. ಅವರು ಅಲ್ಲೇ, ಹಿಮದ ಮೇಲೆ, ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೂತರು. ಅಂಗೈ ಚಳಿಗೆ ಕೆಂಪಾಗಿತ್ತು, ಆದರೆ ಅಲುಗಲಿಲ್ಲ. ಉರುಳೆ ಎಳೆಯಲು ಇಂಜಿನ್ ಶುರು ಮಾಡಿದ್ದ ಕೀತ್ ಅದನ್ನು ಆರಿಸಿ, ಹೆಲ್ಮೆಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಗುಡ್ಡದ ಮೇಲೆ ಒಂದು ಕುರಿ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಪೂಜೆ ಮುಗಿದ ಮೇಲೆ ಭಾಗ್ಯಶ್ರೀ ಅವರ ಪಕ್ಕ ಕೂತಳು. "ನಾ ಹೇಳಬಾರದಿತ್ರಿ ಅತ್ತೀ. ನಂದ ತಪ್ಪು."

"ನಿಂದೇನು ತಪ್ಪು? ನೀ ಜಿಪ್ಪು ಎರಡ ಸಲ ಎಳದ ನೋಡಿದ್ದಿ. ತೆಗೆದಾಕಿ ನಾನು, ಹಾಕದ ಬಿಟ್ಟಾಕಿ ನಾನು." ದಾರವನ್ನು ಕೊರಳಿಗೆ ಹಾಕಿಕೊಂಡು ಕರಡಿಗೆಯನ್ನು ಸೂಟಿನೊಳಗೆ, ಮೈಗೆ ತಾಗುವಂತೆ ಇಳಿಸಿದರು. "ಆದರ ಇನ್ನ ಜೇಬು ಬ್ಯಾಡ ತಂಗಿ. ಪೆಟ್ಟಾದರ ಆಗಲಿ. ಏಳು, ಹಸವಾಗೈತಿ. ಏ ಶರ್ವಾಣಿ, ಅವನ ಡುಬ್ಬಾ ಮುಚ್ಚು ಮೊದಲ."

ಊಟಕ್ಕೆ ಹತ್ತೇ ನಿಮಿಷ ಉಳಿದಿತ್ತು. ಗಂಗವ್ವ ರೊಟ್ಟಿಯ ಒಂದು ಚೂರಿಗೆ ಚಟ್ನಿ ಹಚ್ಚಿ ಕೀತ್‌ಗೂ ಕೊಟ್ಟರು. ಅವನು ಕಟಕಟನೆ ಕಡಿದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದ. ಅದಕ್ಕೆ ಪ್ರತಿಯಾಗಿ ಅವರು ಬೆರಳಿನಿಂದ ಗಾಡಿಯನ್ನು ತೋರಿಸಿ, ಗಾಳಿಯಲ್ಲಿ ಒಂದು ಸುತ್ತು ಬರೆದರು. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.

ಹಾಗಾಗಿ ಆ ದಿನ ಹೊಲ ಸಮ ಮಾಡಲು ಹೋದ ಗಾಡಿಯಲ್ಲಿ ಇಬ್ಬರಿದ್ದರು. ಹಿಂದೆ ಕೂತ ಗಂಗವ್ವ ಎರಡೂ ಕೈಗಳಿಂದ ಹಿಡಿಕೆ ಹಿಡಿದಿದ್ದರು, ನಿಯಮದಂತೆ. ಅವರ ಹಿಂದೆ ಉರುಳೆ ಅಗಲವಾದ ನೇರ ಪಟ್ಟೆಗಳನ್ನು ಬಿಡುತ್ತ ಸಾಗಿತು: ಒಂದು, ಎರಡು, ಮೂರು. ನಾಲ್ಕನೆಯ ಪಟ್ಟೆ ಹೊಲದ ನಡುವೆ ಬಂದಾಗ ಗಂಗವ್ವ ಕೀತ್‌ನ ಬೆನ್ನನ್ನು ಒಮ್ಮೆ ತಟ್ಟಿದ್ದು ಗೋಡೆಯ ಬಳಿ ನಿಂತ ಭಾಗ್ಯಶ್ರೀಗೆ ಕಾಣಿಸಿತು. ಗಾಡಿ ನಿಧಾನವಾಯಿತು, ಪಟ್ಟೆ ಬಸವಣ್ಣನ ಸುತ್ತ ಒಂದು ಆಳುದ್ದದಷ್ಟು ಜಾಗ ಬಿಟ್ಟು ಬಾಗಿ ಹೋಗಿ, ಆಚೆಗೆ ಮತ್ತೆ ನೇರವಾಯಿತು.