ಷಡ್ಡಕನ ಊರಿಗೆ ಹೋಗದ ಕಾರು

ಕಾರಿನ ಬ್ಯಾಟರಿ ಮುದಿಯಾಗಿದೆ ಎಂದು ಮೆಕ್ಯಾನಿಕ್ ಹೇಳಿದಾಗ ಹಲ್ಲಪ್ಪ ಮುಖ ಸಣ್ಣದು ಮಾಡಿಕೊಂಡು ನಿಂತ. ಒಳಗೊಳಗೆ ಮಾತ್ರ ಅವನಿಗೆ ಲಾಟರಿ ಹೊಡೆದಷ್ಟು ಸಂತೋಷವಾಗಿತ್ತು.

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೊಚ್ಚು ಬಾಯಿಗಳಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕಸುಬು. ಹೆಸರು ಬೀದಿಯವರು ಕೊಟ್ಟದ್ದು. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಒಣಗಲಿಟ್ಟ ಪ್ಲಾಸ್ಟರ್ ದವಡೆಗಳು ಬೀದಿಯಲ್ಲಿ ಹೋಗಿಬರುವವರನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಹೆಂಡತಿ ಈಜು ಟೀಚರ್. ಊರಿನ ಈಜುಕೊಳದಲ್ಲಿ ನೀರೆಂದರೆ ನಡುಗುವ ಹೆಂಗಸರನ್ನು ಹಿಡಿದು ತಂದು ಮೀನು ಮಾಡಿ ಕಳಿಸುತ್ತಿದ್ದಳು. ಕಾರಿನ ಡಿಕ್ಕಿಯಲ್ಲಿ ಅವಳ ಒದ್ದೆ ಟವೆಲುಗಳ ವಾಸನೆ, ಹಿಂದಿನ ಸೀಟಿನಲ್ಲಿ ಇವನ ಪ್ಲಾಸ್ಟರ್ ಪುಡಿ. ಕರೆಂಟಿನ ಆ ಪುಟ್ಟ ಕಾರು ಮಗಳ ಮದುವೆಗೂ ಮೊದಲು ಮನೆಗೆ ಬಂದದ್ದು. ಈಗ ಆ ಮಗಳ ಮಗನೇ ಶಾಲೆಗೆ ಹೋಗುತ್ತಿದ್ದ.

ಮೆಕ್ಯಾನಿಕ್ ಹೆಂಗಸು ತನ್ನ ಲ್ಯಾಪ್‌ಟಾಪನ್ನು ಗಂಡ ಹೆಂಡತಿಯ ಕಡೆ ತಿರುಗಿಸಿದಳು. ಪರದೆಯ ತುಂಬ ಹಸಿರು ಪಟ್ಟಿಗಳು, ನಡುವೆ ಕೆಲವು ಕೆಂಪು.

"ಒಳಗಡೆ ಸೆಲ್‌ಗಳು ಕಟ್ಟು ಕಟ್ಟಾಗಿ ಇರ್ತವೆ ಸಾರ್. ಎಲ್ಲಕ್ಕೂ ವಯಸ್ಸಾಗಿದೆ, ಈ ಕೆಂಪು ಕಟ್ಟುಗಳಂತೂ ತೀರಾ ಸೋತಿವೆ. ಅವು ಕೈ ಎತ್ತಿದ್ರೆ ಮಿಕ್ಕಿದ್ದೂ ನಿಂತ್ಕೋಬೇಕು. ಸೋತಿರೋದನ್ನ ಮಾತ್ರ ಬದಲಾಯಿಸ್ಬಹುದು, ಖರ್ಚು ಕಡಿಮೆ. ಆದ್ರೆ ಮುಂದಿನ ವರ್ಷ ಪಕ್ಕದ್ದು ಸೋಲುತ್ತೆ. ಪೂರ್ತಿ ಹೊಸದು ಹಾಕ್ಸಿದ್ರೆ ಮತ್ತೆ ನೋಡೋ ಹಾಗೇ ಇಲ್ಲ."

"ಏನೂ ಮಾಡ್ಸದೇ ಇದ್ರೆ?" ಹಲ್ಲಪ್ಪ ಕೇಳಿದ.

"ಊರೊಳಗೆ ಓಡಾಡ್ಕೊಂಡು ಇರ್ಬಹುದು. ಆ ಸೇತುವೆ ದಾಟಿ ಗುಡ್ಡ ಹತ್ತೋದು ಮಾತ್ರ ಮರೆತುಬಿಡಿ."

ಸೇತುವೆ ದಾಟಿ ಗುಡ್ಡ ಹತ್ತಿ ಇಳಿದರೆ ಸಿಗುವುದು ಷಡ್ಡಕನ ಊರು. ಹಲ್ಲಪ್ಪನ ಸಂತೋಷದ ಗುಟ್ಟು ಅಲ್ಲಿತ್ತು.

ಹೆಂಡತಿಯ ಅಕ್ಕನ ಗಂಡ, ಅಂದರೆ ಈ ಷಡ್ಡಕ, ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬಂಧುಬಳಗದಲ್ಲೆಲ್ಲ ಅವನಿಗೆ ರೇಡಿಯೋ ಎಂದೇ ಹೆಸರು. ಮಾಮೂಲಿ ರೇಡಿಯೋಗೆ ಆಫ್ ಮಾಡುವ ಗುಂಡಿ ಇರುತ್ತದೆ, ಇದಕ್ಕೆ ಅದೊಂದಿರಲಿಲ್ಲ. ನದಿಗಳು ಯಾಕೆ ಡೊಂಕಾಗಿ ಹರಿಯುತ್ತವೆ ಎಂದು ಶುರು ಮಾಡಿದರೆ ಕೇಳುವವನ ಬೆನ್ನೂ ಡೊಂಕಾಗಬೇಕು. ಅದನ್ನಾದರೂ ಸಹಿಸಬಹುದಿತ್ತು. ಒಮ್ಮೆ ನಂಟರೆಲ್ಲ ಸೇರಿದ್ದಾಗ ಅವನು ಹಲ್ಲಪ್ಪನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಷಡ್ಡಕರದ್ದು ಸುಳ್ಳು ಹಲ್ಲಿನ ವ್ಯಾಪಾರ. ನನ್ನಿಂದ ಅವರಿಗೆ ಲಾಭ ಇಲ್ಲ. ಇಲ್ಲಿರೋದೆಲ್ಲ ಒರಿಜಿನಲ್!" ಎಂದು ಬಾಯಿ ಅಗಲಿಸಿ ತೋರಿಸಿದ್ದ. ಎಲ್ಲರೂ ನಕ್ಕರು. ಹಲ್ಲಪ್ಪನೂ ನಕ್ಕ. ಆ ನಗು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಕೆಲವು ತಿಂಗಳಿಂದಲೇ ಬ್ಯಾಟರಿ ಸೊರಗಿ, ಆ ಕಡೆ ಹೋಗುವುದು ತಾನಾಗಿ ನಿಂತಿತ್ತು. ಬಸ್ಸು ಹತ್ತಿದರೆ ಹಲ್ಲಪ್ಪನಿಗೆ ಹೊಟ್ಟೆ ತೊಳಸುತ್ತಿತ್ತು. ಅದು ನಿಜವಾದ ಕಾಯಿಲೆ, ಸರಿಯಾದ ಸಮಯಕ್ಕೆ ಒದಗಿಬಂದದ್ದು ಅವನ ಪುಣ್ಯ. ಹೆಂಡತಿ ಒಂದೆರಡು ಸಲ ಒಬ್ಬಳೇ ಬಸ್ಸು ಬದಲಿಸಿ ಬದಲಿಸಿ ಹೋಗಿ ಸುಸ್ತಾಗಿ ಬಂದಿದ್ದಳು. ಪ್ರತಿ ಸಲವೂ ಹಲ್ಲಪ್ಪ ಕಾರಿನ ಬಾನೆಟ್ ಸವರಿ, "ಪಾಪ, ಇದಕ್ಕೆ ಶಕ್ತಿ ಇದ್ದಿದ್ರೆ..." ಎಂದು ನಿಟ್ಟುಸಿರು ಬಿಡುತ್ತಿದ್ದ.

ಆ ದಿನ ಗ್ಯಾರೇಜಿನಿಂದ ಮನೆಗೆ ಬಂದ ಮೇಲೆ ಹೆಂಡತಿ ಟವೆಲು ಒಣಹಾಕುತ್ತ ಮಾತು ತೆಗೆದಳು.

"ಮೋಟಾರು ಗಟ್ಟಿ, ಬಾಡಿ ಗಟ್ಟಿ, ತುಕ್ಕಿನ ಸುಳಿವಿಲ್ಲ. ಪೂರ್ತಿ ಹೊಸ ಬ್ಯಾಟರಿ ಹಾಕ್ಸಿಬಿಡೋಣ ರೀ."

"ಹಳೇ ಕಾರಿಗೆ ಹೊಸ ಬ್ಯಾಟರಿನಾ? ಬೇರೆ ಕಾರೇ ಬರುತ್ತೇನೋ ಆ ದುಡ್ಡಿಗೆ. ನೋಡೋಣ."

"ಹಳೇ ಬಾಯಿಗೆ ಹೊಸ ಹಲ್ಲು ಕೂರಿಸ್ತಾನೇ ನಮ್ಮ ಸಂಸಾರ ನಡೀತಿರೋದು, ನೆನಪಿರಲಿ."

"ಅದೇ ಬೇರೆ, ಇದೇ ಬೇರೆ. ನೋಡೋಣ ಅಂದ್ನಲ್ಲ."

"ನಿಮ್ಮ ನೋಡೋಣ ನೋಡೀ ನೋಡೀ ನನ್ನ ಕಣ್ಣಿಗೆ ಪೊರೆ ಬಂತು. ದಡದಲ್ಲಿ ಕೂತು ನೋಡ್ತಾ ಇದ್ರೆ ಯಾರಿಗೂ ಈಜು ಬರಲ್ಲ. ಹಾಕ್ಸಿ, ಇಲ್ಲ ಮಾರಿ. ಎರಡ್ರಲ್ಲಿ ಒಂದು ಹೇಳಿ."

ಹಲ್ಲಪ್ಪ ಹಲ್ಲು ಕೂರಿಸುವ ಮೇಣ ಕಾಯಿಸಲು ಎದ್ದು ಹೋದ. ಹೀಗೆ ಅವನು ದಿನ ತಳ್ಳುತ್ತಿದ್ದಾಗ ಒಂದು ಬೆಳಗ್ಗೆ ಫೋನು ಬಂತು.

"ಫಡ್ಡಕರೇ," ಎಂದಿತು ಆ ಕಡೆಯ ದನಿ. "ಫೆಟ್ ಫೀಳಿ ಹೋಯ್ತು."

"ಯಾರು ಮಾತಾಡ್ತಿರೋದು?"

"ನಾನೇ. ಫೆಟ್ಟು. ಫಿಂಕಿಗೆ ಬಿತ್ತು."

ಬೊಚ್ಚು ಬಾಯಿಯ ಭಾಷೆ ಹಲ್ಲಪ್ಪನಿಗೆ ಮಾತೃಭಾಷೆಯಿದ್ದಂತೆ. ಸೆಟ್ ಸೀಳಿಹೋಗಿದೆ, ಸಿಂಕಿಗೆ ಬಿದ್ದಿದೆ. ಇಷ್ಟು ತಟ್ಟನೆ ಅರ್ಥವಾಯಿತು. ಅರ್ಥವಾಗದೆ ಹೋದದ್ದು, ಷಡ್ಡಕನ ಬಾಯಲ್ಲಿ ಸೆಟ್ ಎಲ್ಲಿಂದ ಬಂತು ಎಂಬುದು. ಅಷ್ಟರಲ್ಲಿ ಷಡ್ಡಕನ ಹೆಂಡತಿ, ಅತ್ತಿಗೆ, ಫೋನು ಕಿತ್ತುಕೊಂಡರು.

"ಮೇಲಿನ ಸೆಟ್ ಎರಡು ಹೋಳಾಗಿದೆ ಕಣ್ರೀ. ನಾಳೆ ಬೆಳಗ್ಗೆ ಇವರ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಇಟ್ಕೊಂಡಿದಾರೆ, ಇವರ ಭಾಷಣ ಬೇರೆ. ಇಲ್ಲಿ ರಿಪೇರಿ ಮಾಡೋರು ಒಂದು ವಾರ ಅಂತಾರೆ. ನೀವೇ ಏನಾದ್ರೂ ಮಾಡ್ಬೇಕು."

ಹಲ್ಲಪ್ಪ ಫೋನು ಇಟ್ಟ. ಊರಿಗೆಲ್ಲ ಹಲ್ಲು ಕಟ್ಟಿದ ತನ್ನನ್ನು ಬಿಟ್ಟು, ಸ್ವಂತ ಷಡ್ಡಕ, ಒರಿಜಿನಲ್ ಎಂದು ಬೀಗಿದವನು, ಇನ್ಯಾರ ಕೈಯಲ್ಲೋ ಸೆಟ್ ಮಾಡಿಸಿಕೊಂಡಿದ್ದಾನೆ! ನಗು ಬರಬೇಕಿತ್ತು. ಬಂದದ್ದು ಸಂಕಟ. ಅದರ ಹಿಂದೆಯೇ, ಆ ಕೆಲಸ ಎಂಥದ್ದಿರಬಹುದು ಎಂಬ ಕಸುಬಿನವನ ಕುತೂಹಲ.

"ಬಸ್ಸಲ್ಲಿ ಆಗಲ್ಲ," ಎಂದಳು ಹೆಂಡತಿ. "ಪ್ಲಾಸ್ಟರು, ಡ್ರಿಲ್ಲು, ಸೆಟ್ ಬೇಯಿಸೋ ಕುಕ್ಕರು ಎಲ್ಲಾ ಹೊತ್ಕೊಂಡು ಮೂರು ಬಸ್ಸು ಹತ್ತೋಕಾಗುತ್ತಾ? ಕಾರಲ್ಲೇ ಹೋಗೋಣ. ನಾನು ಓಡಿಸ್ತೀನಿ."

ಗಂಟಲುಮಟ್ಟ ಚಾರ್ಜು ತುಂಬಿಸಿ ಹೊರಟರು. ಏಸಿ ಇಲ್ಲ, ಹಾಡಿಲ್ಲ. ಕಿಟಕಿ ತೆಗೆದರೆ ಗಾಳಿ ತಡೆಯುತ್ತದೆಂದು ಅದೂ ಬೆರಳಿನಷ್ಟೇ ತೆರೆದಿತ್ತು. ಸೇತುವೆ ದಾಟುವವರೆಗೆ ಕಾರು ಮದುಮಗಳಂತೆ ನಾಜೂಕಾಗಿ ಹೋಯಿತು. ಗುಡ್ಡದ ಏರು ಶುರುವಾದದ್ದೇ ತಡ, ಪರದೆಯ ಮೇಲಿನ ಅಂಕಿ ಹರಿದ ಚೀಲದ ಅಕ್ಕಿಯಂತೆ ಸೋರತೊಡಗಿತು.

ಮೊದಲ ತಿರುವಿನಲ್ಲಿ ಹಲ್ಲಪ್ಪನ ಮನಸ್ಸಿನ ಒಂದು ಮೂಲೆ, ಇಲ್ಲೇ ನಿಂತುಬಿಟ್ಟರೆ ತಪ್ಪು ನನ್ನದಲ್ಲವಲ್ಲ ಎಂದು ಲೆಕ್ಕ ಹಾಕಿತು. ಆಮೇಲೆ ಅವನ ಕಣ್ಣ ಮುಂದೆ ಒಂದು ವೇದಿಕೆ ಬಂತು. ಎದುರಿಗೆ ತುಂಬಿದ ಸಭೆ, ಮೈಕಿನ ಮುಂದೆ ಷಡ್ಡಕ, 'ಫನ್ಮಾನ್ಯ ಫಭಿಕರೇ' ಎನ್ನುತ್ತಿದ್ದಾನೆ. ಇಂಥ ಬಾಯಿಗಳನ್ನು ದಿನವೂ ನೋಡುತ್ತಿದ್ದವನು ಹಲ್ಲಪ್ಪ. ಹಲ್ಲು ಬರುವವರೆಗೆ ಮನೆಯಿಂದ ಹೊರಗೆ ಕಾಲಿಡದವರನ್ನು ಬಲ್ಲ, ಮೊಮ್ಮಕ್ಕಳ ಮುಂದೆಯೂ ಕೈ ಅಡ್ಡ ಹಿಡಿದು ನಗುವವರನ್ನು ಬಲ್ಲ. ಎಂಥ ಹಗೆಗೂ ಬೇಡ ಆ ಅವಸ್ಥೆ.

"ಹತ್ತು, ಹತ್ತು," ಎಂದು ಅವನು ಡ್ಯಾಶ್‌ಬೋರ್ಡ್ ತಟ್ಟಿದ. "ಇನ್ನೊಂದು ಚೂರು, ನನ್ನ ಬಂಗಾರ."

ಹೆಂಡತಿ ಓರೆಗಣ್ಣಿನಿಂದ ನೋಡಿದಳು. ಆ ಕಾರಿನಲ್ಲಿ ಬಂಗಾರ ಎನಿಸಿಕೊಂಡು ಅವಳಿಗೂ ಬಹಳ ವರ್ಷವಾಗಿತ್ತು.

ನೆತ್ತಿ ಇನ್ನೇನು ಕಾಣುತ್ತಿದೆ ಎನ್ನುವಾಗ ಪರದೆಯ ಮೇಲೆ ಹಳದಿ ಬಣ್ಣದ ಒಂದು ಪುಟ್ಟ ಆಮೆ ಮೂಡಿತು. ಶಕ್ತಿ ಮುಗಿಯುತ್ತ ಬಂದಾಗ ಕಾರು ತಾನೇ ವೇಗ ಇಳಿಸಿಕೊಂಡು ಕೊಡುವ ಸೂಚನೆ ಅದು. ಕಾರು ಆಮೆಯಾಯಿತು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ. ಆಮೇಲೆ ನಾಯಿ ಹಿಡಿದುಕೊಂಡು ನಡೆಯುತ್ತಿದ್ದ ಒಬ್ಬ ಅಜ್ಜಿಯೂ ಮುಂದೆ ಹೋದಳು. ಹೋದವಳು ಕನಿಕರದಿಂದ ಹಿಂದೆ ಬಂದು ಕಿಟಕಿಯಲ್ಲಿ ಇಣುಕಿದಳು.

"ತಳ್ಳಬೇಕಾ ಮಕ್ಕಳೇ?"

ಹಲ್ಲಪ್ಪ ಇಳಿದ. ಅವನ ಭಾರ ಕಳೆದದ್ದಕ್ಕೋ, ಅಜ್ಜಿ ಹಿಂದಿನಿಂದ ಒಂದು ಕೈ ಕೊಟ್ಟದ್ದಕ್ಕೋ, ಕಾರು ತೆವಳಿಕೊಂಡು ನೆತ್ತಿ ಮುಟ್ಟಿತು. ಅವನು ಏದುಸಿರು ಬಿಡುತ್ತ ಹಿಂದೆ ಓಡಿಬಂದು ಹತ್ತಿದ. ಅಲ್ಲಿಂದಾಚೆ ಬರೀ ಇಳಿಜಾರು. ಚಕ್ರ ಉರುಳಿದ ಬಲಕ್ಕೆ ಬ್ಯಾಟರಿಗೆ ಒಂದಿಷ್ಟು ಕರೆಂಟು ವಾಪಸು ಬಂದು ಆಮೆ ಮಾಯವಾಯಿತು. ಷಡ್ಡಕನ ಮನೆ ಮುಂದೆ ನಿಂತಾಗ, ನೆತ್ತಿಯ ಮೇಲೆ ಇದ್ದುದಕ್ಕಿಂತ ಹೆಚ್ಚೇ ಚಾರ್ಜು ಇತ್ತು.

ಷಡ್ಡಕ ಮಫ್ಲರಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲು ತೆಗೆದ. ಮಾತಿಲ್ಲ, ಕತೆಯಿಲ್ಲ. ಎರಡು ಹೋಳುಗಳನ್ನು ಬಟ್ಟಲಲ್ಲಿ ತಂದು ಮುಂದಿಟ್ಟು ತಲೆ ತಗ್ಗಿಸಿದ.

ಹಲ್ಲಪ್ಪ ಹೋಳುಗಳನ್ನು ಬೆಳಕಿಗೆ ಹಿಡಿದ. "ಇದನ್ನ ಹಲ್ಲಿನವನು ಮಾಡಿದ್ನೋ, ಗಾರೆಯವನೋ? ಇಷ್ಟು ದಿನ ಇದ್ರಲ್ಲಿ ಹೇಗೆ ಊಟ ಮಾಡಿದ್ರಿ?"

"ಎಲ್ಲಿ ಮಾಡ್ತಿದ್ರು," ಎಂದರು ಅತ್ತಿಗೆ. "ಸೂಪು, ಬಾಳೆಹಣ್ಣು. ನಿಮ್ಮ ಹತ್ರ ಬನ್ನಿ ಅಂದ್ರೆ ನಾಚಿಕೆ. ಅವತ್ತು ಎಲ್ಲರ ಮುಂದೆ ಒರಿಜಿನಲ್ ಅಂತ ಕೊಚ್ಕೊಂಡಿದ್ರಲ್ಲ! ನಿಮ್ಮ ಕಾರು ಗುಡ್ಡ ಹತ್ತಲ್ಲ ಅಂತ ಗೊತ್ತಾದ ದಿನ ಇವರ ಖುಷಿ ನೋಡ್ಬೇಕಿತ್ತು. ಪಾಪ, ಬ್ಯಾಟರಿ, ಅಂತ ನಿಟ್ಟುಸಿರು ಬೇರೆ."

"ನಮ್ಮನೇಲೂ ಒಬ್ರು ಹಾಗೇ ನಿಟ್ಟುಸಿರು ಬಿಡ್ತಾರಕ್ಕ," ಎಂದಳು ಹೆಂಡತಿ ಶಾಂತವಾಗಿ.

ಹಲ್ಲಪ್ಪ ಡ್ರಿಲ್ಲಿನ ವೈರು ಬಿಡಿಸುವುದರಲ್ಲಿ ಮುಳುಗಿಹೋದ. ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕತಂಗಿಯರು ಮಾತ್ರ ಒಬ್ಬರನ್ನೊಬ್ಬರು ನೋಡಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಡುಗೆಮನೆಯ ಮೇಜೇ ಕೆಲಸದ ಮೇಜಾಯಿತು. ಹೋಳುಗಳನ್ನು ಜೋಡಿಸಿ ಪ್ಲಾಸ್ಟರಿನಲ್ಲಿ ಕೂರಿಸಿ, ಒಡೆದ ಅಂಚು ಉಜ್ಜಿ, ಒಸಡಿನ ಬಣ್ಣದ ಗುಲಾಬಿ ಪುಡಿಗೆ ದ್ರವ ಬೆರೆಸಿ ಬಿರುಕು ತುಂಬಿ, ಕುಕ್ಕರಿನಲ್ಲಿಟ್ಟು ಗಟ್ಟಿ ಮಾಡಿದ. ಮನೆಯೆಲ್ಲ ಘಾಟು. ಷಡ್ಡಕ ಪಕ್ಕದಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಎತ್ತಿಕೊಡುತ್ತಿದ್ದ. ಸಂಜೆಯ ಹೊತ್ತಿಗೆ ಸೆಟ್ ಬಾಯಿಗೆ ಕೂತಿತು.

"ಈಗ ಷಡ್ಡಕ ಅನ್ನಿ."

"ಷಡ್ಡಕ."

"ಇನ್ನೊಂದ್ಸಲ."

"ಷಡ್ಡಕ! ಷಷ್ಠಿ! ಶಿಶಿರ! ಸಹಸ್ರ ಸರೋವರ!" ಷಡ್ಡಕನ ಕಣ್ಣುಗಳು ಒದ್ದೆಯಾದವು. ಅದು ಘಾಟಿಗಿರಬಹುದೆಂದು ಹಲ್ಲಪ್ಪ ಕಿಟಕಿ ತೆಗೆದ.

ಕಾರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಅಲ್ಲೇ ಉಳಿದರು. ಮರುದಿನದ ಭಾಷಣಕ್ಕೆ ಹಲ್ಲಪ್ಪನೂ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಸನ್ಮಾನ ಮಾಡಿದವರು ಗಡಿಯಾರ ನೋಡಿಕೊಂಡರೂ ಭಾಷಣ ಮುಗಿಯಲಿಲ್ಲ. ಹಲ್ಲಪ್ಪ ಮಾತ್ರ ಒಂದೊಂದು ಸಕಾರ ಸರಿಯಾಗಿ ಹೊರಬಿದ್ದಾಗಲೂ ತಲೆದೂಗಿದ.

ವಾಪಸು ಬರುವಾಗ ಹೆಂಡತಿ ಬ್ಯಾಟರಿಯ ಸುದ್ದಿ ಎತ್ತಲಿಲ್ಲ. ನೆತ್ತಿ ತಲುಪುವ ಮುಂಚೆ ಆಮೆ ಮತ್ತೆ ಕಾಣಿಸಿತು. ಹಲ್ಲಪ್ಪ ತಾನಾಗಿಯೇ ಇಳಿದು ತಳ್ಳಿದ. ಮತ್ತೆ ಹತ್ತಿ ಕೂತು, ಬೆವರು ಒರೆಸಿಕೊಂಡು ಹೇಳಿದ: "ಗ್ಯಾರೇಜಿಗೆ ಫೋನ್ ಮಾಡು. ಪೂರ್ತಿ ಹೊಸದೇ ಹಾಕ್ಲಿ. ಅಲುಗೋ ಹಲ್ಲು ಒಂದನ್ನೇ ಕಿತ್ತು ಕೂರಿಸಿದ್ರೆ ಪಕ್ಕದ್ದು ಅಲುಗುತ್ತೆ, ಅದು ನನಗೆ ಗೊತ್ತಿರೋ ವಿಷಯಾನೇ."

"ನೋಡೋಣ," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ.

ಹೊಸ ಬ್ಯಾಟರಿ ಬಂತು. ಕಾರು ಗುಡ್ಡವನ್ನು ಆಡುಮರಿಯಂತೆ ಹತ್ತಿತು. ಅದರಿಂದ ಏನಾಗಬಹುದೆಂದು ಹಲ್ಲಪ್ಪ ಎಷ್ಟೋ ಯೋಚಿಸಿದ್ದ, ಆದದ್ದನ್ನು ಮಾತ್ರ ಯೋಚಿಸಿರಲಿಲ್ಲ. ಹೆಂಡತಿ ಹೋಗಿ ಅಕ್ಕ ಭಾವ ಇಬ್ಬರನ್ನೂ ಕರೆತಂದಳು. ಭಾವನನ್ನು ಮನೆಯಲ್ಲಿ ಇಳಿಸಿ, ಅಕ್ಕನಿಗೆ ಈಜು ಕಲಿಸುತ್ತೇನೆಂದು ಕಾರು ತಿರುಗಿಸಿ ಸಮುದ್ರದ ಕಡೆ ಹೊರಟೇಹೋದಳು. ಮನೆಯಲ್ಲಿ ಉಳಿದವರು ಇಬ್ಬರು ಷಡ್ಡಕರು, ಕಿಟಕಿಯ ಪ್ಲಾಸ್ಟರ್ ದವಡೆಗಳು.

ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಹಲ್ಲಪ್ಪ ಅವನಿಗೆ ಹೊಸ ಸೆಟ್ ಮಾಡಲು ಕೂತ. ಷಡ್ಡಕ ಕುರ್ಚಿಯಲ್ಲಿ ಒರಗಿ, ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ದೋಣಿಯ ಹಗ್ಗ ಬಿಚ್ಚಿಹೋದ ಕತೆ ಹೇಳುತ್ತಿದ್ದ. ದೋಣಿ ನದಿಯ ನಡುವೆ ಸುಳಿಗೆ ಸಿಕ್ಕಿತ್ತು, ಹೆಡ್ ಮೇಷ್ಟ್ರು ನೀರಿಗೆ ಬಿದ್ದಿದ್ದರು. ಅಷ್ಟರಲ್ಲಿ ಹಲ್ಲಪ್ಪ ಒಸಡಿನ ಅಚ್ಚು ತೆಗೆಯುವ ಹಿಟ್ಟು ತುಂಬಿದ ಪುಟ್ಟ ತಟ್ಟೆಯನ್ನು ಅವನ ಬಾಯೊಳಗೆ ಒತ್ತಿ ಹಿಡಿದ. "ಅಲುಗಾಡ್ಬೇಡಿ, ಮಾತಾಡ್ಬೇಡಿ. ಗಟ್ಟಿಯಾಗೋವರೆಗೆ ಹೀಗೇ ಇರ್ಬೇಕು."

ಕೋಣೆ ನಿಶ್ಶಬ್ದವಾಯಿತು. ಎಷ್ಟೋ ವರ್ಷ ಬಯಸಿದ್ದ ನಿಶ್ಶಬ್ದ. ಹಲ್ಲಪ್ಪ ಅದನ್ನು ಸವಿಯಲು ನೋಡಿದ. ಕಿಟಕಿಯಾಚೆ ನೋಡಿದ. ಮೇಣದ ಚಾಕು ಒರೆಸಿಟ್ಟ. ಷಡ್ಡಕನ ಮುಖ ನೋಡಿದ. ಅವನ ಎರಡು ಹುಬ್ಬುಗಳೂ ಕತೆಯ ಮುಂದಿನ ಭಾಗವನ್ನು ಹೇಳಲು ಒದ್ದಾಡುತ್ತಿದ್ದವು.

ಅಚ್ಚು ಇನ್ನೂ ಗಟ್ಟಿಯಾಗಿರಲಿಲ್ಲ. ಹಲ್ಲಪ್ಪನಿಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಚಕ್ಕನೆ ಎಳೆದುಬಿಟ್ಟ. ಅಚ್ಚು ಕಿತ್ತುಹೋಗಿ ಕೈಗೆಲ್ಲ ಅಂಟಿತು.

"ಹಾಳಾಗ್ಲಿ, ಇನ್ನೊಂದು ತೆಗೆದ್ರಾಯ್ತು," ಎಂದ. "ಹೆಡ್ ಮೇಷ್ಟ್ರಿಗೆ ಏನಾಯ್ತು, ಅದನ್ನ ಹೇಳಿ ಮೊದ್ಲು!"