ಚೌರಪ್ಪನವರ ಕೈ, ನನ್ನ ಬಾಯಿ

ನಾನೊಂದು ಹಿತ್ತಾಳೆಯ ಹಾರ್ನ್. ಹುಟ್ಟಿದ್ದು ವಿಯೆನ್ನಾದಲ್ಲಿ. ಎರಡಾಳುದ್ದದ ಕೊಳವೆಯನ್ನು ಚಕ್ಕುಲಿಯಂತೆ ಸುತ್ತಿ, ತುದಿಗೊಂದು ಅಗಲವಾದ ಬಾಯಿ ಕೂರಿಸಿದರು, ಅಷ್ಟೇ ನಾನು. ನನಗೆ ಗುಂಡಿಗಳಿಲ್ಲ. ಸುಮ್ಮನೆ ಊದಿದರೆ ಬರುವ ಸ್ವರಗಳು ಕೆಲವೇ. ಉಳಿದವು ಬೇಕಾದರೆ ಊದುವವನು ನನ್ನ ಬಾಯೊಳಗೆ ಕೈ ತೂರಿಸಿ ಹಿಂಡಿ ತೆಗೆಯಬೇಕು.

ಮೈಸೂರಿನ ಬ್ಯಾಂಡೊಂದಕ್ಕೆ ಬಂದ ಮೇಲೆ ಆ ಕೈ ಚೌರಪ್ಪನವರದಾಯಿತು. ಇಪ್ಪತ್ತೆರಡು ವರ್ಷ. ಅವರು ಉಪ್ಪಿನಕಾಯಿ ತಿಂದ ದಿನವೂ ನನಗೆ ಗೊತ್ತು, ಹೆಂಡತಿಯೊಡನೆ ಜಗಳವಾಡಿದ ದಿನವೂ ಗೊತ್ತು. ಅಂಗೈ ಸುಳ್ಳು ಹೇಳುವುದಿಲ್ಲ.

ಆಮೇಲೆ ಅವರ ಅಕ್ಕನ ಮಗ ಇನ್ನಾಸಪ್ಪ ಮೂರು ಗುಂಡಿಯ ಹೊಸ ಹಾರ್ನ್ ಹಿಡಿದು ಬಂದ. ಅದರ ಸ್ವರಗಳೆಲ್ಲ ಅಚ್ಚಿನಿಂದ ಬಿದ್ದ ಸೋಪಿನಂತೆ ಒಂದೇ ಸಮ. ನನ್ನಲ್ಲೋ, ಒಂದು ಸ್ವರ ಬಯಲಲ್ಲಿ ಕೂಗಿದಂತೆ, ಪಕ್ಕದ್ದು ನೆಗಡಿಯಾದವರು ಗುಟ್ಟು ಹೇಳಿದಂತೆ. ಒಂಟಿ ಹಾರ್ನ್ ಮುಂದೆ, ಬ್ಯಾಂಡೆಲ್ಲ ಹಿಂದೆ ನುಡಿಸುವ ಆ ಹಳೆಯ ಕಾನ್ಸರ್ಟೊ ಬರೆದ ಪುಣ್ಯಾತ್ಮ ಈ ಏರುಪೇರು ಗೊತ್ತಿದ್ದೇ ಬರೆದದ್ದು ಎಂದು ಚೌರಪ್ಪನವರ ವಾದ. ಬ್ಯಾಂಡ್ ಮಾಸ್ಟರು ಕೇಳಬೇಕಲ್ಲ!

“ಊಟಿ ಕಛೇರೀಲಿ ಕಾನ್ಸರ್ಟೊ ಇನ್ನಾಸಪ್ಪ ಊದ್ಲಿ. ಚೆನ್ನಾಗ್ ಬಂದ್ರೆ ಹಾರ್ನಿನ ಕುರ್ಚಿ ಅವನದೇ. ನೀವು ದೊಡ್ಡ ಡೋಲು ನೋಡ್ಕೊಳ್ಳಿ ಚೌರಪ್ಪ, ಅದಕ್ಕೆ ಕೈ ಒಂದಿದ್ರೆ ಸಾಕು.”

ಹೊರಡುವ ಮುನ್ನ ಇನ್ನಾಸಪ್ಪ ಕೇಳಿದ, “ಮಾವ, ಗುಂಡಿ ಯಾಕೋ ಬಿಗಿ. ಯಾವ ಎಣ್ಣೆ ಹಾಕ್ಲಿ?”

“ತಲೆಗೆ ಹಚ್ಕೊಳ್ತೀಯಲ್ಲ, ಅದೇ ಕೊಬ್ಬರಿ ಎಣ್ಣೆ. ಧಾರಾಳವಾಗಿ ಹಾಕು.”

ಆಗ ಮಾವನ ಕೈ ನನ್ನೊಳಗಿತ್ತು. ಬೆವೆತಿತ್ತು.

ಡೋಲಿನವರು ಹಾರ್ನ್ ಯಾಕೆ ಹೊತ್ತು ತಂದರೆಂದು ರೈಲಿನಲ್ಲಿ ಯಾರೂ ಕೇಳಲಿಲ್ಲ.

ಊಟಿ, ಜನವರಿಯ ಕೊರೆಯುವ ಬೆಳಗು, ಸಭೆ ತುಂಬಿತ್ತು. ಇನ್ನಾಸಪ್ಪ ಗುಂಡಿ ಒತ್ತಿದ, ಕದಲಲಿಲ್ಲ. ಎಣ್ಣೆ ಬೆಣ್ಣೆಯಾಗಿತ್ತು.

“ಏನಯ್ಯಾ ಇದು?”

“ಹೆಪ್ಪುಗಟ್ಟಿದೆ ಸಾರ್.”

“ಚೌರಪ್ಪಾ! ಡೋಲು ಬಿಟ್ಟು ಬನ್ರೀ!”

ಚೌರಪ್ಪನವರು ಕೈ ತೂರಿಸಿದರು. ಮುಂದಿನ ಸಾಲಿನ ಹೆಂಗಸೊಬ್ಬರು, “ಪಾಪ, ಒಳಗೇನೋ ಸಿಕ್ಕಾಕ್ಕೊಂಡಿದೆ, ತೆಗೀತಿದಾರೆ” ಎಂದರು. ಆದರೆ ನಿಧಾನದ ಭಾಗದಲ್ಲಿ ಆ ನೆಗಡಿಯ ಸ್ವರ ಬಂದಾಗ ಸಭೆ ಕೆಮ್ಮುವುದನ್ನೇ ಮರೆಯಿತು. ಡೋಲಿನ ಹಿಂದೆ ಹೋಗಿ ಕೂತಿದ್ದ ಇನ್ನಾಸಪ್ಪನೂ ಬಾಯಿ ತೆರೆದು ಕೇಳಿದ.

ಕುರ್ಚಿ ಉಳಿಯಿತು. ಚೌರಪ್ಪನವರು ಪ್ರತಿ ಶನಿವಾರ ಇಗರ್ಜಿಗೆ ಹೋಗಿ ಪಾದ್ರಿಯೆದುರು ಪಾಪ ಹೇಳಿಕೊಂಡು ಬರುತ್ತಿದ್ದರು. ಬಂದು ನನ್ನನ್ನು ಎತ್ತಿಕೊಂಡರೆ ಕೈ ಇನ್ನೂ ಬೆವೆತೇ ಇರುತ್ತಿತ್ತು. ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದಾರೆಂದು ನಾನು ತಿಳಿದುಕೊಳ್ಳುತ್ತಿದ್ದೆ.

ಅವರು ತೀರಿಹೋದ ಮೇಲೆ ನಾನು ಇನ್ನಾಸಪ್ಪನ ಮನೆಯ ಗೋಡೆ ಸೇರಿದೆ. ಈಗ ಅವನ ತಲೆಯೂ ಬೆಳ್ಳಗಾಗಿದೆ. ಭಾನುವಾರ ನನ್ನನ್ನು ಇಳಿಸಿ, ಬಟ್ಟೆಗೆ ಎಣ್ಣೆ ಅದ್ದಿ ಒರೆಸುತ್ತಾನೆ.

“ಹಿತ್ತಾಳೆಗೆ ಕೊಬ್ಬರಿ ಎಣ್ಣೆ ಯಾರಾದ್ರೂ ಹಾಕ್ತಾರೇನ್ರೀ?” ಎನ್ನುತ್ತಾಳೆ ಹೆಂಡತಿ.

“ಮಾವ ಹೇಳಿಕೊಟ್ಟಿದ್ದು ಕಣೇ.”

ಆಮೇಲೆ ಮಾವನಂತೆಯೇ ನನ್ನ ಬಾಯೊಳಗೆ ಕೈ ತೂರಿಸುತ್ತಾನೆ. ಆ ಅಂಗೈಯಲ್ಲಿ ಕೋಪವಿದೆಯೇ ಎಂದು ಪ್ರತಿ ವಾರ ತಡಕಿ ನೋಡುತ್ತೇನೆ. ಬರೀ ಎಣ್ಣೆಯ ಜಿಡ್ಡು.