ನರ್ಸಮ್ಮನ ಕಾರಿನ ಸದ್ದು

"ಈಗ? ಈಗಲೂ ಕೇಳಿಸ್ತಿಲ್ವಾ?" ನರ್ಸಮ್ಮ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

ಬಾನೆಟ್ಟಿನ ಕೆಳಗೆ ಬಾಗಿದ್ದ ಮೇಸ್ತ್ರಿ ತಲೆಯಲ್ಲಾಡಿಸಿದ. ಎಂಜಿನ್ನು ಹದವಾಗಿ ಗುರುಗುಡುತ್ತಿತ್ತು. ಫ್ಯಾನು ಗುಂಯ್ಯೆನ್ನುತ್ತಿತ್ತು. ಅದರಾಚೆಗೆ ಅವನ ಪಾಲಿಗೆ ಏನೂ ಇರಲಿಲ್ಲ.

"ಇಲ್ವಲ್ಲ ನರ್ಸಮ್ಮ. ಎಂಜಿನ್ನು ಜೋಗುಳ ಹಾಡಿದ ಹಾಗಿದೆ."

"ಜೋಗುಳಾನಾ? ಬಾಣಂತಿ ಮನೆಯಿಂದ ಹೊರಬಂದು ಕಾರು ಸ್ಟಾರ್ಟ್ ಮಾಡಿದ್ರೆ ಸಾಕು, ಆಗ ತಾನೇ ಮಲಗಿಸಿದ ಕೂಸು ಕಿಟಾರನೆ ಕಿರುಚಿಕೊಳ್ಳುತ್ತೆ. ನಾನು ಬರ್ತೀನಿ ಅಂದ್ರೆ ತಾಯಂದಿರು ಹೆದರೋ ಹಾಗಾಗಿದೆ."

ಅವಳು ಇದೇ ದೂರು ಹೊತ್ತು ಬಂದದ್ದು ಇದು ಮೂರನೇ ಸಲ. ಮೊದಲ ಸಲ ಧೂಳು ಸೇರಿರಬೇಕೆಂದು ಒರೆಸಿ ಕಳಿಸಿದ್ದ. ಆಮೇಲೆ ಬ್ರೇಕಿನ ಪ್ಯಾಡು ಬದಲಾಯಿಸಿದ್ದ. ಪ್ಯಾಡು ಸವೆದಿದ್ದೇನೋ ನಿಜ, ಆದರೆ ಸದ್ದು ಹೋಗಲಿಲ್ಲ. ಕಾರು ಬೀದಿಯ ತಿರುವಿನಲ್ಲಿ ಇರುವಾಗಲೇ ಯಾವ ಬೇರಿಂಗು ಹೋಗಿದೆಯೆಂದು ಒಳಗಿನಿಂದ ಕೂಗಿ ಹೇಳುತ್ತಿದ್ದವನು ಅವನು. ಮೇಸ್ತ್ರಿಗೆ ಮೈಯೆಲ್ಲ ಕಿವಿ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತು ಅವನಿಗೂ ಇಷ್ಟವಾಗಿತ್ತು.

"ಆಗದಿದ್ರೆ ಹೇಳಿಬಿಡಿ ಮೇಸ್ತ್ರಿ. ಬೇರೆ ಕಡೆ ತೋರಿಸ್ತೀನಿ."

"ಧಾರಾಳವಾಗಿ ತೋರಿಸಿ," ಎಂದ ಮೇಸ್ತ್ರಿ, ಮುಖ ಬಿಗಿದುಕೊಂಡು. "ಇಲ್ಲದ ಸದ್ದನ್ನ ನಾನೆಲ್ಲಿಂದ ಹಿಡಿದುಕೊಡಲಿ?"

ಶೆಡ್ಡಿಗೆ ಅಂಟಿಕೊಂಡೇ ಅವನ ಮನೆ. ಕಿಟಕಿಯ ಬಳಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದ ಹೆಂಡತಿ ಎದ್ದು ಹೊರಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಹೋಗಬೇಡಿ ನರ್ಸಮ್ಮ. ಸದ್ದು ಇದೆ. ನನ್ನ ಮಿಷಿನ್ ತನಕ ಬರ್ತಿದೆ."

ಮೇಸ್ತ್ರಿ ಅವಳನ್ನು ದುರುಗುಟ್ಟಿ ನೋಡಿದ. "ಎಂಥ ಸದ್ದು?"

"ಕೀಂಯ್ಯೋ ಅಂತ. ಹಲ್ಲು ಜುಮ್ ಅನ್ನುತ್ತೆ ರೀ."

ಅವನು ಎಂಜಿನ್ ನಿಲ್ಲಿಸಲು ಹೇಳಿದ. ಮತ್ತೆ ಹಾಕಲು ಹೇಳಿದ. ಈ ಸಲ ಬಾನೆಟ್ಟಿನೊಳಗೆ ನೋಡಲಿಲ್ಲ, ಇಬ್ಬರು ಹೆಂಗಸರ ಮುಖ ನೋಡಿದ. ಕೀಲಿ ತಿರುಗಿದ್ದೇ ತಡ, ಅಲ್ಲೊಬ್ಬಳು ಇಲ್ಲೊಬ್ಬಳು ಒಟ್ಟಿಗೇ ಮುಖ ಕಿವುಚಿದರು. ಅವನಿಗೆ ಕೇಳಿಸಿದ್ದು ಫ್ಯಾನು ಮಾತ್ರ.

"ಒಂದು ನಿಮಿಷ," ಎಂದು ಕೈಯೊರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಹೋದ.

ಹೆಂಡತಿ ಹಿಂದೆಯೇ ಬಂದು ನೀರು ಕೊಟ್ಟಳು. ಅವನು ಲೋಟ ಹಿಡಿದು ನಿಂತ. ಕುಡಿಯಲಿಲ್ಲ.

"ನಿನಗೆ ಯಾವಾಗಿಂದ ಗೊತ್ತಿತ್ತು?"

"ಅಲಾರಂ ಹೊಡ್ಕೊಂಡು ಹೊಡ್ಕೊಂಡು ನಿಂತೇ ಹೋಯ್ತು. ನೀವು ಪಕ್ಕದಲ್ಲೇ ಕೂತು ಗಡ್ಡ ಕೆರ್ಕೊತಾ ಇದ್ರಿ. ಆವತ್ತಿಂದ."

"ಹೇಳಬಾರದಿತ್ತಾ?"

"ಹೇಳಿದ್ರೆ ಕಿವಿಗೆ ಹಾಕ್ಕೊಳ್ತಿದ್ರಾ?"

ಅವನಿಗೆ ವರ್ಷಗಟ್ಟಲೆ ತಗಡು ಬಡಿದದ್ದು, ಸೈಲೆನ್ಸರ್ ಬಿಚ್ಚಿದ ಎಂಜಿನ್ನುಗಳ ಪಕ್ಕ ಕೂತದ್ದು ಎಲ್ಲ ನೆನಪಾಯಿತು. ಹತ್ತಿ ತುರುಕಿಕೊಳ್ಳಿ ಎಂದು ಇವಳು ಹೇಳಿದಾಗ ಹತ್ತಿ ಇಟ್ಟುಕೊಂಡರೆ ಎಂಜಿನ್ನಿನ ಮಾತು ಕೇಳುವುದು ಹೇಗೆಂದು ಗೇಲಿ ಮಾಡಿದ್ದ. ಕಿವಿಯೊಂದು ಕೈಕೊಟ್ಟರೆ ತಾನು ಬರೀ ನಟ್ಟು ತಿರುಗಿಸುವವನು ಎಂದುಕೊಂಡು ಲೋಟ ಕೆಳಗಿಟ್ಟ. ಹೊರಗೆ ನರ್ಸಮ್ಮ ಕಾಯುತ್ತಿದ್ದಳು.

"ನೀನೂ ಬಾ," ಎಂದ.

ಹೊರಗೆ ಬಂದು ನರ್ಸಮ್ಮನ ಎದುರು ನಿಂತ.

"ಸದ್ದು ಇದೆಯಂತೆ ನರ್ಸಮ್ಮ. ನನಗೇ ಕೇಳಿಸ್ತಿಲ್ಲ. ನಿಮ್ಮನ್ನ ಸುಮ್ಮನೆ ಅಲೆಸಿದೆ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಕೋಪ ಇಳಿದುಹೋಗಿತ್ತು. "ಕಿವಿಗೆ ವಯಸ್ಸಾದ್ರೆ ಕೀಚಲು ಸದ್ದೇ ಮೊದಲು ಹೋಗೋದು. ನಾಳೆ ಆಸ್ಪತ್ರೆಗೆ ಬನ್ನಿ, ನಿಮ್ಮ ಕಿವಿ ಡಾಕ್ಟರಿಗೆ ನಾನು ತೋರಿಸ್ತೀನಿ. ಇವತ್ತು ನನ್ನ ಕಾರು ನೀವು ನೋಡಿ."

ಎಂಜಿನ್ನು ಓಡುತ್ತಿರುವಾಗಲೇ ಮೇಸ್ತ್ರಿ ದೂರದಿಂದ, ಎಂಜಿನ್ನಿನ ಪುಟ್ಟ ಗಾಲಿಗಳನ್ನು ಸುತ್ತಿ ಓಡುವ ಬೆಲ್ಟಿನ ಮೇಲೆ ನೀರು ಚಿಮುಕಿಸಿದ.

"ಏನಾಯ್ತು?"

"ನಿಂತಿತು," ಎಂದಳು ಹೆಂಡತಿ. "ಅಯ್ಯೋ ಇಲ್ಲ, ಮತ್ತೆ ಶುರು."

"ಬೆಲ್ಟು ಸಡಿಲ ಆಗಿದ್ದಿದ್ರೆ ನೀರು ಬಿದ್ದಾಗ ಇನ್ನೂ ಜೋರಾಗ್ತಿತ್ತು. ಇದು ಎಲ್ಲೋ ಸೊಟ್ಟ ಓಡ್ತಿದೆ."

ಬೆಲ್ಟು ಬಿಚ್ಚಿ, ಎಂಜಿನ್ನನ್ನು ಒಂದೇ ಒಂದು ಕ್ಷಣ ಓಡಿಸಿದ. ಹೆಂಡತಿ ಸದ್ದಿಲ್ಲವೆಂದು ಕೈಯಾಡಿಸಿದಳು. ಹಾಗಾದರೆ ಬೆಲ್ಟು ಸುತ್ತುವ ದಾರಿಯಲ್ಲೇ ಕಳ್ಳನಿದ್ದಾನೆ. ಕಣ್ಣುಮುಚ್ಚಿ ಒಂದೊಂದೇ ಗಾಲಿಯನ್ನು ಬೆರಳಿನಿಂದ ತಿರುಗಿಸುತ್ತ ಹೋದ. ಮೊದಲಿನದು ನುಣ್ಣಗೆ ತಿರುಗಿತು. ಅದರ ಪಕ್ಕದ್ದೂ ಹಾಗೆಯೇ. ಕೆಳಗಿನ ಚಿಕ್ಕ ಗಾಲಿಯಲ್ಲಿ ಅವನ ಕೈ ನಿಂತಿತು. ಒಳಗೆಲ್ಲೋ ರವೆಯ ಕಾಳು ಸಿಕ್ಕಿಕೊಂಡಂತೆ ಬೆರಳ ತುದಿಗೆ ತಾಗುತ್ತಿತ್ತು. ಅಲುಗಿಸಿದರೆ ಕೂದಲೆಳೆಯಷ್ಟು ವಾಲುತ್ತಿತ್ತು.

"ಇಲ್ಲಿ ಬೆರಳಿಡು ನೋಡೋಣ."

ಮಸಿ ಮೆತ್ತುವುದನ್ನೂ ಲೆಕ್ಕಿಸದೆ ಅವಳು ಬೆರಳಿಟ್ಟಳು. "ಗರಗರ ಅಂತಿದೆ ರೀ. ಎಣ್ಣೆ ಕಾಣದ ಬಾಬಿನ್ ತರ."

"ಅದೇ. ಬೇರಿಂಗು ಹೋಗಿದೆ." ಅವನ ದನಿಗೆ ಹಳೆಯ ಗತ್ತು ಬಂದಿತ್ತು.

ಅಂಗಡಿಯಿಂದ ಹೊಸ ಗಾಲಿ ತಂದು ಕೂರಿಸಿ, ಬೆಲ್ಟು ಏರಿಸಿದ. ನರ್ಸಮ್ಮ ಕೀಲಿ ತಿರುಗಿಸಿದಾಗ ಮೇಸ್ತ್ರಿ ಹೆಂಡತಿಯ ಮುಖದಿಂದ ಕಣ್ಣು ಕೀಳಲಿಲ್ಲ. ಅವಳ ಹುಬ್ಬು ಅಲುಗಲಿಲ್ಲ.

"ಹೋಯ್ತಾ?"

"ಹೋಯ್ತು."

"ನಿಜವಾಗಿ?"

"ನಿಮ್ಮಾಣೆ ಹೋಯ್ತು ಕಣ್ರೀ!"

"ನಾಳೆ ಬೆಳಿಗ್ಗೆನೇ ಬನ್ನಿ, ಮರೀಬೇಡಿ," ಎಂದು ಕೂಗಿ ನರ್ಸಮ್ಮ ಹೊರಟಳು. ಕಾರು ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಕೈ ತೊಳೆಯಲು ಒಳಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಮಿಷಿನ್ನು ದಡದಡ ಸದ್ದು ಮಾಡತೊಡಗಿತು. ಅದು ಅವನಿಗೆ ಚೆನ್ನಾಗಿಯೇ ಕೇಳಿಸಿತು.

ಶೆಡ್ಡಿನ ಎದುರಿನ ಗೋಡೆಯ ಮೇಲೆ ಹಿಡಿಗಾತ್ರದ ಹಕ್ಕಿಯೊಂದು ಬಂದು ಕೂತಿತು. ಕೊಕ್ಕು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು. ಪುಟ್ಟ ಗಂಟಲು ಒಂದೇ ಸಮನೆ ಅದುರುತ್ತಿತ್ತು. ಮೇಸ್ತ್ರಿ ಕೈಯೊರೆಸುವುದನ್ನು ನಿಲ್ಲಿಸಿ, ಅದು ಹಾರಿಹೋಗುವವರೆಗೂ ನೋಡುತ್ತ ನಿಂತ.